ಹರಿಗೋಲಿನ ಸಿಟ್ಟು

ಭಗವಂತನ ದಯೆಯಿಂದ ಹೊಳೆ ತಿಳಿಯಾಗಿದ್ದ ಒಂದು ಶನಿವಾರ, ಗೆಳೆಯರಾದ ಕೋತಿಯೂ ಮೊಲವೂ ಹರಿಗೋಲಿನಲ್ಲಿ ವಿಹಾರಕ್ಕೆ ಹೊರಟು ನಡುಗಡ್ಡೆಯಲ್ಲಿ ತಂಗಿದವು. ಗಾಳಿಗೆ ಬೆಂಕಿ ಆರುತ್ತದೆಂದು ಕೋತಿ ಹರಿಗೋಲನ್ನೇ ಬೋರಲು ಹಾಕಿ, ಅದರಡಿಯಲ್ಲಿ ಗೆಣಸು ಸುಟ್ಟಿತು. ನೀರು ಒಳಗೆ ಬಾರದಂತೆ ಬುಡಕ್ಕೆ ಬಳಿದಿದ್ದ ಡಾಂಬರೆಲ್ಲ ಕರಗಿ ಇಳಿಯಿತು.

ಬೆಳಿಗ್ಗೆ ಕೋತಿ, “ಹತ್ತಪ್ಪಾ ಮೊಲರಾಯ, ದೇವರ ಹೆಸರು ಹೇಳಿ ಹೊರಡೋಣ” ಎಂದಿತು.

“ಬುಡದಲ್ಲಿ ಬಿರುಕು ಕಾಣುತ್ತಿದೆಯಲ್ಲಣ್ಣ. ನನಗೆ ಈಜು ಬಾರದು.”

“ಅಪನಂಬಿಕೆ ಬೇಡ. ದಾಟಿಸುವವನು ಮೇಲಿದ್ದಾನೆ.”

ಹರಿಗೋಲು ಸಿಡಿಯಿತು: “ಮುಚ್ಚೋ ಬಾಯಿ! ಡಾಂಬರು ಕರಗುವ ವಾಸನೆ ತಿಳಿಯಲೆಂದೇ ಅವನು ನಿನಗೆ ಮೂಗು ಕೊಟ್ಟಿದ್ದ. ನೀನು ಗೆಣಸಿನ ಪರಿಮಳ ಹೀರುತ್ತ ಕೂತೆ. ಈಗ ನೀನು ಹಚ್ಚಿದ ಬೆಂಕಿಗೆ ಅವನು ಹೊಣೆಯೋ? ಅಷ್ಟು ಭಕ್ತಿಯಿದ್ದರೆ ಮೊಲ ಇಲ್ಲೇ ಇರಲಿ, ನೀನೊಬ್ಬನೇ ಹತ್ತು!”

ಎತ್ತಿದ್ದ ಕಾಲನ್ನು ಕೋತಿ ಮೆಲ್ಲಗೆ ಕೆಳಗಿಟ್ಟಿತು. ಮರ ಹತ್ತಿ ಅಂಟು ಕಿತ್ತು ತಂದು ಸಂಜೆಯವರೆಗೂ ಬಿರುಕಿಗೆ ಮೆತ್ತಿತು. ಮೊದಲು ತಾನೊಬ್ಬನೇ ಕೂತು ನೀರಿಗಿಳಿದು ನೋಡಿ, ಆಮೇಲೆ ಮೊಲವನ್ನು ಕರೆಯಿತು. ಕರುಣಾಳುವಾದ ಭಗವಂತ ಆ ದಿನದ ಪೂಜೆಯನ್ನು ಅದರ ಅಂಟು ಮೆತ್ತಿದ ಕೈಗಳಿಂದಲೇ ಸ್ವೀಕರಿಸಿರಬೇಕು.