ಗಿಳಿ ಹೇಳಿದ ಹೆಸರು

ಕಾಡಿನಲ್ಲಿ ನರಿಯೊಂದು ಬಿಳಿ ಪರದೆ ಕಟ್ಟಿ ನೆರಳಾಟ ತೋರಿಸುತ್ತಿತ್ತು. ಆಟದ ಹಾಡುಗಳಿಗೆ ರಾಗ ಕಟ್ಟುತ್ತಿದ್ದುದು ಜೀರುಂಡೆ, ಹಾಡುತ್ತಿದ್ದುದು ಗಿಳಿ. ಒಮ್ಮೆ ಆಟ ಮುಗಿದಾಗ ಆನೆ ಎದ್ದು ನಿಂತು, "ಈ ರಾಗ ಕಟ್ಟಿದವರಿಗೆ ನನ್ನ ಕಬ್ಬಿನಲ್ಲಿ ಪಾಲುಂಟು. ಯಾರವರು?" ಎಂದು ಕೇಳಿತು.

"ರಾಗ ಗಾಳಿಯಲ್ಲಿ ಸಿಕ್ಕಿದ್ದು, ಒಡೆಯಾ. ಕಬ್ಬು ನನಗೇ ಇರಲಿ," ಎಂದಿತು ನರಿ.

ಗಿಳಿ ಸುಮ್ಮನಿರಲಿಲ್ಲ. "ನಾನು ಕೇಳಿದ್ದನ್ನೇ ಹೇಳುವವಳು. ಯಾರಿಂದ ಕೇಳಿದೆ ಎಂಬುದನ್ನೂ ಹೇಳಬೇಕಲ್ಲ! ರಾಗ ಜೀರುಂಡೆಯದು."

ಆನೆ ನಗುತ್ತ ಕಬ್ಬನ್ನು ಜೀರುಂಡೆಯ ಪೊದೆಗೇ ಹೊತ್ತೊಯ್ದಿತು. ಹಸಿವು ತಾಳದೆ ರಾಗ ಕಟ್ಟುವುದನ್ನೇ ಬಿಡಬೇಕೆಂದಿದ್ದ ಜೀರುಂಡೆ ಹೊಟ್ಟೆ ತುಂಬ ತಿಂದು, ಹಿಗ್ಗಿನಿಂದ ಹೊಸ ರಾಗವೊಂದನ್ನು ಕಟ್ಟಿತು. ಅದನ್ನು ಕೇಳಿದ ನರಿ ಮುಂದಿನ ಆಟ ಶುರುವಾಗುವ ಮೊದಲೇ ಕೂಗಿತು: "ರಾಗ ಜೀರುಂಡೆಯದು! ಕಬ್ಬು ಅಲ್ಲಿಗೇ ಹೋಗಲಿ, ರಾಗ ಇಲ್ಲಿಗೆ ಬರುತ್ತಿರಲಿ!"