ಕಿಡ್ನಿ ಕೊಟ್ಟ ಶಿಷ್ಯ

ಮಲಪ್ರಭೆಯ ದಡದ ಆಶ್ರಮದಲ್ಲಿ ಶಾಂತವೀರಯ್ಯ ಗುರುಗಳಿಗೆ ಎರಡೂ ಕಿಡ್ನಿ ಕೈಕೊಟ್ಟವು. ಶಿಷ್ಯ ಫಕೀರಪ್ಪ ತನ್ನದೊಂದನ್ನು ಕೊಟ್ಟು ಅವರನ್ನು ಉಳಿಸಿಕೊಂಡ.

ಅಂದಿನಿಂದ ಗುರುಗಳಿಗೆ ನೆಮ್ಮದಿಯಿಲ್ಲ.

“ಬಿಸಿಲಿಗೆ ಹೋಗಬೇಡಿ, ಒಳಗೆ ನನ್ನ ಕಿಡ್ನಿ ಇದೆ,” ಎನ್ನುವನು ಫಕೀರಪ್ಪ. ಮಜ್ಜಿಗೆಗೆ ಉಪ್ಪು ಹಾಕಿಕೊಂಡರೆ, “ನನ್ನ ಕಿಡ್ನಿಗೆ ಆಗುವುದಿಲ್ಲ!” ಆಶ್ರಮಕ್ಕೆ ಯಾರೇ ಬರಲಿ, ಅಂಗಿ ಎತ್ತಿ ಹೊಲಿಗೆಯ ಗುರುತು ತೋರಿಸುವನು.

“ಕೊಟ್ಟೆಯೋ, ಬಾಡಿಗೆಗೆ ಬಿಟ್ಟೆಯೋ?” ಗುರುಗಳು ರೇಗಿದರು.

ಆರನೇ ತಿಂಗಳಿಗೆ ಗುರುಗಳ ಕಾಲು ಊದಿತು, ಜ್ವರ ಬಂತು.

“ಹೊರಗಿನದೆಂದು ಇವರ ದೇಹ ಆ ಕಿಡ್ನಿಯ ಮೇಲೆ ದಾಳಿ ಮಾಡುತ್ತಿದೆ,” ಎಂದರು ಆಸ್ಪತ್ರೆಯ ಡಾಕ್ಟರಮ್ಮ. “ತಡೆಯಲು ಮಾತ್ರೆ ಹೆಚ್ಚಿಸಿದರೆ ದೇಹದ ಕಾವಲು ಕುಗ್ಗಿ ಸೋಂಕು ಹಿಡಿಯುತ್ತದೆ.”

ಫಕೀರಪ್ಪನ ಮುಖ ಕೆಂಪಾಯಿತು. “ಇಪ್ಪತ್ತು ವರ್ಷ ಸೇವೆ ಮಾಡಿದ್ದೇನೆ, ಗುರುಗಳೇ. ನಿಮ್ಮ ದೇಹಕ್ಕೆ ನಾನಿನ್ನೂ ಹೊರಗಿನವನೇ?”

“ಅದಕ್ಕೆ ನಾನೇನೂ ಹೇಳಿಕೊಟ್ಟಿಲ್ಲವಪ್ಪಾ!” ಗುರುಗಳು ಹಣೆ ಒತ್ತಿಕೊಂಡರು.

“ಒಂದು ದಾರಿಯಿದೆ. ಎಲ್ಲರಿಗೂ ಫಲಿಸುತ್ತದೆಂದು ಹೇಳಲಾರೆ,” ಎಂದರು ಡಾಕ್ಟರಮ್ಮ. “ದೇಹ ಕಾಯುವ ಬಿಳಿ ರಕ್ತಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಫಕೀರಪ್ಪನವರ ಮಜ್ಜೆ ಇವರೊಳಗೆ ಬೇರೂರಿದರೆ, ಇಬ್ಬರ ಕಣಗಳೂ ಒಟ್ಟಿಗೇ ಬೆಳೆಯುತ್ತವೆ. ಆಮೇಲೆ ದೇಹಕ್ಕೆ ಆ ಕಿಡ್ನಿ ಹೊರಗಿನದು ಅನ್ನಿಸುವುದಿಲ್ಲ.”

“ಬೇಡ,” ಎಂದರು ಗುರುಗಳು. “ಇನ್ನು ಮೂಳೆಯ ಕಥೆಯನ್ನೂ ದಿನಾ ಕೇಳುವ ಶಕ್ತಿ ನನಗಿಲ್ಲ.”

ಫಕೀರಪ್ಪ ಅವರ ಊದಿದ ಕಾಲುಗಳನ್ನು ನೋಡಿದ. ಮಜ್ಜೆ ಕೊಡುವ ಕಾಗದಕ್ಕೆ ಸಹಿ ಹಾಕಿದ. ಅದನ್ನು ಕಂಡು ಗುರುಗಳೂ ಒಪ್ಪಿದರು.

ಅವನ ಸೊಂಟದ ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆದರು. ಗುರುಗಳನ್ನು ಸೋಂಕು ತಗುಲದಂತೆ ವಾರಗಟ್ಟಲೆ ಗಾಜಿನ ಕೋಣೆಯಲ್ಲಿ ಒಂಟಿಯಾಗಿ ಇಟ್ಟರು. ಫಕೀರಪ್ಪ ಸೊಂಟ ಹಿಡಿದುಕೊಂಡು ಹೊರಗೇ ಕುಳಿತ. ಒಂದು ದಿನ ಗುರುಗಳಿಗೆ ಕಣ್ಣು ಬಿಡಲೂ ಆಗಲಿಲ್ಲ. ಅಂದು ಅವನು ಅನ್ನ ಮುಟ್ಟಲಿಲ್ಲ.

ಕೊನೆಗೆ ಮಜ್ಜೆ ಬೇರೂರಿತು. ವರ್ಷ ಕಳೆಯುವುದರೊಳಗೆ ಡಾಕ್ಟರಮ್ಮ ಒಂದೊಂದೇ ಮಾತ್ರೆ ನಿಲ್ಲಿಸಿದರು. ಕಿಡ್ನಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು.

ಒಂದು ಬೆಳಿಗ್ಗೆ ಗುರುಗಳು ಹೊಳೆಗೆ ಇಳಿದು ಮುಖ ತೊಳೆಯುತ್ತಿದ್ದರು. ಹಿಂದೆ ನಿಂತಿದ್ದ ಫಕೀರಪ್ಪ ತಡೆಯಲಾರದೆ ಕೇಳಿದ:

“ಗುರುಗಳೇ, ಈಗ ನಿಮ್ಮ ರಕ್ತದಲ್ಲಿ ನನ್ನ ಪಾಲು ಎಷ್ಟಿರಬಹುದು?”

ಗುರುಗಳು ಒದ್ದೆ ಮುಖದಲ್ಲೇ ತಿರುಗಿದರು.

“ಯಾವುದು ನಿನ್ನದು, ಯಾವುದು ನನ್ನದು ಅಂತ ನನ್ನ ರಕ್ತವೇ ಕೇಳುವುದನ್ನು ಬಿಟ್ಟಿತಲ್ಲೋ. ನೀನು ಯಾವಾಗ ಬಿಡುತ್ತೀಯ?”