ಹೊರಗುಳಿದವನ ಗುಡ್ಡ

ಇಂಡೋನೇಷ್ಯಾದ ಪೂರ್ವದ ದ್ವೀಪವೊಂದರಲ್ಲಿ ವೇರೆಂಗ್ ಎಂಬ ಹಳ್ಳಿಯಿದೆ. ಬಂದರಿನಿಂದ ಅಲ್ಲಿಗೆ ಹೋಗಲು ಬಸ್ಸಿಲ್ಲ. ಲಾರಿಗೆ ಅಡ್ಡ ಹಲಗೆ ಹೊಡೆದು ಅದನ್ನೇ ಬಸ್ಸು ಎನ್ನುತ್ತಾರೆ. ಮನುಷ್ಯರು, ಕಾಲು ಕಟ್ಟಿದ ಹಂದಿಗಳು, ಅಕ್ಕಿಮೂಟೆಗಳು ಎಲ್ಲ ಅದರಲ್ಲಿ ಒಂದೇ ದರ್ಜೆಯ ಪ್ರಯಾಣಿಕರು. ಸೇತುವೆಯಿಲ್ಲದ ಹೊಳೆಯೊಂದರ ಬಳಿ ಲಾರಿ ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ನಮ್ಮ ಕಾಲೇ ನಮಗೆ ಗತಿ. ಹೊಳೆ ದಾಟಿ ಕಾಡಿನ ಏರು ಹತ್ತಿ ಉಸಿರು ಬಿಡುವ ಹೊತ್ತಿಗೆ ಎದುರಿಗೆ ಒಂದು ಬೋಳು ಗುಡ್ಡ ಕಾಣಿಸುತ್ತದೆ. ಊರಿಗೆ ನೀರಿನ ಕೊಳವೆ ಹಾಕಿಸುವ ಕೆಲಸಕ್ಕೆಂದು ಹೋಗಿದ್ದ ನಾನು ಮೊದಲ ದಿನವೇ ಅದರತ್ತ ಕೈ ತೋರಿಸಿ ಹೆಸರು ಕೇಳಿದೆ. ಜೊತೆಯಲ್ಲಿದ್ದವನು ಮೆಲ್ಲನೆ ನನ್ನ ಕೈ ಕೆಳಗಿಳಿಸಿ, ಗಲ್ಲದಿಂದ ಅತ್ತ ತೋರಿಸುತ್ತ ಹೆಸರು ಹೇಳಿದ. ಅವರ ಮಾತಿನಲ್ಲಿ ಅದಕ್ಕೆ ಹೊರಗುಳಿದವನ ಗುಡ್ಡ ಎಂದು ಅರ್ಥ. ಆ ಹೆಸರು ಬಂದ ಕತೆಯನ್ನು ಊರಿನ ಹಿರಿಯರು ಬೇರೆ ಬೇರೆ ದಿನ ತುಂಡು ತುಂಡಾಗಿ ಹೇಳಿದರು. ಒಂದೇ ಪಟ್ಟಿಗೆ ಪೂರ್ತಿ ಹೇಳಲು ಯಾರೂ ಒಪ್ಪಲಿಲ್ಲ.

ಕತೆಗೆ ಮೊದಲು ಅಲ್ಲಿನವರು ಭೂಮಿ ಹಂಚುವ ರೀತಿಯನ್ನು ಹೇಳಬೇಕು. ಅವರ ಹೊಲ ಚೌಕವಲ್ಲ, ಗಾಡಿಯ ಚಕ್ರದ ಹಾಗೆ ದುಂಡು. ನಡುವೆ ಒಂದು ಮರದ ಗೂಟ ನೆಡುತ್ತಾರೆ. ಊರಿನ ಅಳತೆಗಾರ ಗೂಟದ ಸುತ್ತ ಬೆರಳುಗಳನ್ನು ಇಟ್ಟು ಮನೆಗಿಷ್ಟು ಬೆರಳು ಎಂದು ಹಂಚಿ, ಅಲ್ಲಿಂದ ಹೊರಸುತ್ತಿನವರೆಗೆ ಗೆರೆ ಎಳೆಯುತ್ತಾನೆ. ಗೂಟದ ಬಳಿ ಒಂದು ಬೆರಳಗಲ ಇದ್ದದ್ದು ಅಂಚಿಗೆ ಹೋಗುವಷ್ಟರಲ್ಲಿ ಒಂದು ಸಂಸಾರ ಉಣ್ಣುವಷ್ಟು ಹೊಲವಾಗಿರುತ್ತದೆ. ನಮ್ಮ ಕಡೆ ಬದು ಒತ್ತುವ ಮಹಾನುಭಾವರು ವರ್ಷಕ್ಕೊಂದು ಗೇಣಿನಂತೆ ಬೆವರು ಸುರಿಸಿ ಒತ್ತಬೇಕು. ಅಲ್ಲಿ ನಡುವೆ ಬೆರಳು ಒಂದಿಷ್ಟು ಜರುಗಿದರೆ ಸಾಕು. ಆದ್ದರಿಂದಲೇ ಅಳತೆಗಾರನ ಕೈಯನ್ನು ಅವರು ದೇವರ ಕೈ ಎಂದು ನಂಬುತ್ತಿದ್ದರು.

ಹಂಚುವಾಗ ಒಂದು ಬೆರಳನ್ನು ಯಾವ ಮನೆಗೂ ಕೊಡುತ್ತಿರಲಿಲ್ಲ. ಅದು ದಾರಿಯ ಬೆರಳು. ಕರಾವಳಿಗೆ ಉಪ್ಪಿಗೆಂದು, ಕಬ್ಬಿಣಕ್ಕೆಂದು ಹೋದವರು ಗುಡ್ಡ ಇಳಿದು ಆ ಪಟ್ಟಿಯಲ್ಲಿ ನಡೆದು ಬಂದು, ನಡುವಿನ ಗೂಟವನ್ನು ಅಂಗೈಯಿಂದ ಮುಟ್ಟಿದ ಮೇಲೆಯೇ ಮನೆಗೆ ಹೋಗಬೇಕು. ಬಳಸುದಾರಿಯಲ್ಲಿ ಬಂದರೆ, ಕಾಡಿನಲ್ಲಿ ಬೆನ್ನು ಹತ್ತಿದ್ದು ಏನಿದೆಯೋ ಅದೂ ಜೊತೆಗೆ ಬಂದು ಮನೆಯ ಎಳೆಯ ಜೀವವನ್ನು ಹಿಡಿಯುತ್ತದೆ ಎನ್ನುತ್ತಾರೆ. ಬಿತ್ತನೆಯಾದ ಮೇಲೆ ಕಾಡುಹಂದಿ ನುಗ್ಗದಂತೆ ಹೊಲದ ಸುತ್ತ ಮುಳ್ಳುಬಿದಿರಿನ ಬೇಲಿ ಕಟ್ಟುತ್ತಾರೆ. ಕಟ್ಟಿದ ಬೇಲಿಯನ್ನು ಕೊಯ್ಲಿನ ಪೂಜೆಯವರೆಗೆ ಬಿಚ್ಚುವಂತಿಲ್ಲ, ಬಿಚ್ಚಿದರೆ ಊರಿಗೆ ಊರೇ ಜೊಳ್ಳು ಉಣ್ಣಬೇಕು. ಪ್ರಯಾಣ ಹೋದವರು ಎಲ್ಲರೂ ಮರಳುವ ತನಕ ದಾರಿಯ ಬಾಯಿಗೆ ಮಾತ್ರ ಬೇಲಿ ಹಾಕದೆ, ಹಂದಿ ಬರದಂತೆ ಸರದಿಯ ಮೇಲೆ ಕಾವಲು ಕೂರುತ್ತಿದ್ದರು.

ಹಿಂದೆ ಒಮ್ಮೆ ಟಾಗುಂಗ್ ಎಂಬವನು ಅಲ್ಲಿ ಅಳತೆಗಾರನಾಗಿದ್ದ. ಕೈ ಶುದ್ಧ, ಮಾತು ಕಡಿಮೆ. ಅವನಿಗೆ ಲಾಹುರ್ ಎಂಬ ಒಬ್ಬನೇ ಮಗ. ಲಾಹುರ್ ಜೊತೆಗಾರರೊಂದಿಗೆ ಕುದುರೆ ಹೊಡೆದುಕೊಂಡು ಉಪ್ಪು ತರಲು ಕರಾವಳಿಗೆ ಹೋದ ಮೇಲೆ, ಅವನ ಹೆಂಡತಿ ಡಿಮುಟ್ ಬಸುರಿ ಎಂಬುದು ಗೊತ್ತಾಯಿತು. ಆ ವರ್ಷ ಹೊಸ ಹೊಲದ ಹಂಚಿಕೆ. ಗೂಟದ ಸುತ್ತ ಬೆರಳುಗಳು ಇಕ್ಕಟ್ಟಾಗಿ ತುಂಬಿಹೋದವು. ಹುಟ್ಟಲಿರುವ ಮೊಮ್ಮಗುವಿಗೆ ಎಡೆಯೇ ಇಲ್ಲ. ಮುಂದಿನ ಹಂಚಿಕೆ ಆ ಮಗು ದೊಡ್ಡದಾದ ಮೇಲಿನ ಮಾತು. ಟಾಗುಂಗ್ ಬಹಳ ಹೊತ್ತು ಗೂಟ ನೋಡುತ್ತ ಕುಳಿತಿದ್ದು, ಕೊನೆಗೆ ದಾರಿಯ ಬೆರಳಿನ ಮೇಲೆ ತನ್ನ ಹೆಬ್ಬೆರಳನ್ನು ಊರಿದನಂತೆ.

“ಇದು ನನ್ನ ಮೊಮ್ಮಗೂದು. ದಾರಿಗೇನು ಹೊಟ್ಟೆ ಇದ್ಯಾ, ಹಸಿಯೋದಕ್ಕೆ?” ಎಂದ.

ಡಿಮುಟ್ ಒಬ್ಬಳೇ ಮುಂದೆ ಬಂದು, “ಮಾವ, ಆ ಬೆರಳು ನನಗೆ ಬೇಡ. ಅವರಿನ್ನೂ ದಾರೀಲಿದಾರೆ,” ಎಂದಳು.

“ಬೇಡ ಅನ್ನೋಕೆ ಅದು ನಿಂದಲ್ಲ, ಮಗೂದು. ಅವನು ಬರೋದು ಕೊಯ್ಲಾದ ಮೇಲೇ. ಅಷ್ಟರಲ್ಲಿ ಬೇಲಿ ಬಿಚ್ಚಿರ್ತೀವಿ,” ಎಂದು ಟಾಗುಂಗ್ ಎದ್ದುಬಿಟ್ಟ. ಲೆಕ್ಕವೇನೋ ಸರಿಯಾಗಿತ್ತು. ಉಪ್ಪಿನವರು ಯಾವ ವರ್ಷವೂ ಕೊಯ್ಲಿಗೆ ಮುಂಚೆ ಬಂದವರಲ್ಲ. ದಾರಿಯ ಪಟ್ಟಿಗೂ ಬೀಜ ಬಿತ್ತು, ದಾರಿಯ ಬಾಯಿಗೂ ಮುಳ್ಳು ಬಿತ್ತು. ಆ ವರ್ಷ ಪೈರು ಹಿಂದೆಂದೂ ಕಾಣದಷ್ಟು ಹುಲುಸಾಗಿ ಬಂತು, ಅದರಲ್ಲೂ ಆ ಪಟ್ಟಿಯಲ್ಲಿ ಎದೆಯೆತ್ತರ ಬೆಳೆಯಿತು. ಕೇಳುವಾಗ ನನಗೆ ಆ ಹುಲುಸೇ ಹೆದರಿಕೆ ಹುಟ್ಟಿಸಿತು.

ತೆನೆಗೆ ಹಾಲು ತುಂಬುವ ಕಾಲದಲ್ಲಿ, ಒಂದು ಮಧ್ಯಾಹ್ನ ಗುಡ್ಡದ ಮೇಲೆ ಮಂಜು ಇಳಿಯಿತು. ಮಂಜಿನೊಳಗಿಂದ ಕುದುರೆ ಕೆನೆಯಿತು. ಆಮೇಲೆ ಲಾಹುರನ ದನಿ ಕೇಳಿತು: “ಅಪ್ಪಾ, ದಾರಿ ಎಲ್ಲಿ?” ಕರಾವಳಿಯಲ್ಲಿ ಕೆಟ್ಟ ಜ್ವರ ಹಬ್ಬಿ, ಜೊತೆಗಾರರೆಲ್ಲ ಅಲ್ಲೇ ಸತ್ತು, ಅವನೊಬ್ಬನೇ ಜ್ವರ ಹೊತ್ತುಕೊಂಡು ಬಂದಿದ್ದ. ಊರವರು ಬೇಲಿಯ ಒಳಮಗ್ಗುಲಲ್ಲಿ ಸೇರಿದರು. ಮುಳ್ಳು ಎಷ್ಟು ಒತ್ತಾಗಿತ್ತೆಂದರೆ ಆಚೆ ನಿಂತವನ ಮುಖ ಕಾಣುತ್ತಿರಲಿಲ್ಲ. ಬೇಲಿ ಬಿಚ್ಚಬಾರದು ಎಂದು ಒಬ್ಬರಾದರೂ ಹೇಳಲಿಲ್ಲ, ಬಿಚ್ಚಿ ಎಂದೂ ಹೇಳಲಿಲ್ಲ. ಎಲ್ಲರೂ ಟಾಗುಂಗನ ಮುಖ ನೋಡಿದರು. ಪೈರು ಕೆಟ್ಟೀತೆಂಬ ಭಯವೋ, ಜ್ವರ ಒಳಗೆ ಬಂದೀತೆಂಬ ಭಯವೋ, ಹಿರಿಯರು ಬಿಡಿಸಿ ಹೇಳುವುದಿಲ್ಲ. ಜೀವಭಯಕ್ಕೆ ಕಟ್ಟಳೆಯ ಬಟ್ಟೆ ಉಡಿಸುವುದು ಎಲ್ಲ ಊರಿನಲ್ಲೂ ಉಂಟು.

“ಬಳಸಿಕೊಂಡು ಬಾ, ಮಗನೇ. ಹೊಳೆ ಕಡೆಯಿಂದ ಬಾ,” ಎಂದು ಅಳತೆಗಾರ ಮೆಲುದನಿಯಲ್ಲಿ ಹೇಳಿದ. ದಾರಿಯ ಬೆರಳಿನ ಮಾತೊಂದನ್ನು ಬಿಟ್ಟರೆ ಆವರೆಗೆ ಕಟ್ಟಳೆ ಮುರಿದ ಮಾತು ಅವನ ಬಾಯಿಂದ ಬಂದಿರಲಿಲ್ಲ. ಆಗ ಡಿಮುಟ್ ತಡೆಯಲಾರದೆ, ನಾನು ಬಸುರಿ, ನೀವು ಹೇಗಾದರೂ ಬನ್ನಿ ಎಂದು ಕೂಗಿದಳು. ಆ ಸುದ್ದಿ ಲಾಹುರನಿಗೆ ತಲುಪಿದ್ದು ಅದೇ ಮೊದಲು. “ಹಾಗಾದ್ರೆ ನಾನು ಬಳಸಿ ಬರಲ್ಲ. ಮಗೂಗೆ ಏನಾದ್ರೂ ಆದ್ರೆ? ದಾರೀಲೇ ಬರ್ತೀನಿ. ಬಿಚ್ಚೋವರೆಗೂ ಇಲ್ಲೇ ಇರ್ತೀನಿ,” ಎಂದನಂತೆ.

ಡಿಮುಟ್ ದಿನವೂ ಎಲೆಯಲ್ಲಿ ಅನ್ನ ಕಟ್ಟಿ ಬೇಲಿಯ ಮೇಲಿಂದ ಎಸೆದಳು. ಮಂಜು ಇಳಿದ ಹೊತ್ತಿಗೆಲ್ಲ ದಾರಿ ಎಲ್ಲಿ ಎಂಬ ದನಿ ಕೇಳುತ್ತಿತ್ತು. ದಿನದಿಂದ ದಿನಕ್ಕೆ ಅದು ಬೇಲಿಯಿಂದ ದೂರ, ಗುಡ್ಡದ ಮೇಲುಮೇಲಕ್ಕೆ ಸರಿಯುತ್ತ ಹೋಯಿತು. ಟಾಗುಂಗ್ ಎರಡು ಸಲ ಕತ್ತಿ ಹಿಡಿದು ಬೇಲಿಯ ಬುಡಕ್ಕೆ ಹೋಗಿ, ತೆನೆಗಳ ಕಡೆ ತಿರುಗಿ ನೋಡಿ, ಬರಿಗೈಯಲ್ಲಿ ಹಿಂದಿರುಗಿದನಂತೆ. ಒಂದು ದಿನ ದನಿ ನಿಂತಿತು. ಡಿಮುಟ್ ಅಂದೂ ಅನ್ನ ಎಸೆದಳು.

ಕೊಯ್ಲಿನ ಪೂಜೆ ಮುಗಿದು ಬೇಲಿ ಬಿಚ್ಚಿದಾಗ ಆಚೆ ಬಿಚ್ಚದ ಅನ್ನದ ಗಂಟುಗಳಿದ್ದವು. ಉಪ್ಪು ಮಳೆಗೆ ಕರಗಿ ಹೋದಲ್ಲಿ ಹುಲ್ಲು ಸುಟ್ಟಿತ್ತು. ಲಾಹುರನೂ ಅವನ ಕುದುರೆಯೂ ಸಿಗಲಿಲ್ಲ, ಎಲುಬೂ ಸಿಗಲಿಲ್ಲ. ಟಾಗುಂಗ್ ಮಗನನ್ನು ಹುಡುಕುತ್ತ ಗುಡ್ಡ ಹತ್ತಿದವನು ಇಳಿದು ಬರಲಿಲ್ಲ. ಊರವರು ಪಟ್ಟಿಯ ಕೂಳೆ ಕಿತ್ತು, ಮತ್ತೆ ದಾರಿ ಮಾಡಿ, “ದಾರಿ ಇದೆ, ಬಾ” ಎಂದು ಟಾಗುಂಗನನ್ನು ಕೂಗಿ ಕರೆದರು. “ನಾನು ಯಾರಿಗೆ ಮುಚ್ಚಿದ್ನೋ ಅವನು ಮೊದಲು ಬರ್ಲಿ,” ಎಂದು ಮೇಲಿನಿಂದ ಉತ್ತರ ಬಂತು. ಅಲ್ಲೇ ಮಳೆ ಬಿಸಿಲಿಗೆ ಕುಳಿತು ಅವನು ಸತ್ತ ಎನ್ನುತ್ತಾರೆ. ಗುಡ್ಡದ ಹೆಸರು ಅಪ್ಪನದೋ ಮಗನದೋ ಎಂದು ನಾನು ಕೇಳಿದಾಗ ಹಿರಿಯರು ಎದ್ದು ಒಳಗೆ ಹೋದರು.

ಈಗಲೂ ವೇರೆಂಗಿನಲ್ಲಿ ಬೇಲಿ ಕಟ್ಟುವ ದಿನ ಹೋದವರು ಒಂದು ವಿಚಿತ್ರವನ್ನು ನೋಡಬಹುದು. ಊರಿನ ಅರ್ಧ ಜನ ಮಲೇಷ್ಯಾದ ತಾಳೆತೋಟಗಳಲ್ಲಿ, ದೂರದ ಗಣಿಗಳಲ್ಲಿ ದುಡಿಯುತ್ತಾರೆ. ಅಂದು ಊರಲ್ಲಿ ಉಳಿದವರೆಲ್ಲ ದಾರಿಯ ಬಾಯಿಯಲ್ಲಿ ಸೇರಿ, ಹೊರಗಿರುವ ಒಬ್ಬೊಬ್ಬರಿಗೂ ಮೊಬೈಲಿನಲ್ಲಿ ಕರೆ ಮಾಡುತ್ತಾರೆ. ಈ ವರ್ಷ ಬರುವೆಯಾ, ದಾರಿ ಮುಚ್ಚಬಹುದೇ ಎಂದು ಕೇಳುತ್ತಾರೆ. ಬರುವುದಿಲ್ಲ, ಮುಚ್ಚಿ ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ, ಕೆಲವರು ನಗುತ್ತ, ಕೆಲವರು ಅಳುತ್ತ. ಎಲ್ಲ ಮುಗಿದ ಮೇಲೆ ಅಳತೆಗಾರ ಗುಡ್ಡದ ಕಡೆ ತಿರುಗಿ ಲಾಹುರನ ಹೆಸರು ಹಿಡಿದು ಅದನ್ನೇ ಕೇಳುತ್ತಾನೆ. ಜನ ಗುಡ್ಡದತ್ತ ಕಿವಿಗೊಟ್ಟು ಕಾಯುತ್ತಾರೆ. ಮುಚ್ಚಿ ಎಂದು ಲಾಹುರ್ ಇನ್ನೂ ಹೇಳಿಲ್ಲ. ಆದ್ದರಿಂದ ಮುಳ್ಳಿನ ಹೊರೆಯನ್ನು ಅಲ್ಲೇ ಇಳಿಸಿ ಮನೆಗೆ ಹೋಗುತ್ತಾರೆ. ತೆರೆದ ಬಾಯಿಂದ ಕಾಡುಹಂದಿಗಳು ಪ್ರತಿ ವರ್ಷ ನುಗ್ಗಿ ಪೈರು ತಿನ್ನುತ್ತವೆ, ಯಾರೂ ಓಡಿಸುವುದಿಲ್ಲ.